ಮಾರಲ್ಲ ಎಂದ ಗಫೂರ್ ಚಾಚಾರ ದೋಣಿ

ಗೆಳೆಯರೇ, ಇವತ್ತು ಸನ್ನತಿಯಲ್ಲಿ ನನ್ನ ಹೆಂಡತಿ ನಾಗವ್ವ ಮಾಡಿದ್ದನ್ನು ಕೇಳಿ.

ನಮ್ಮ ದೋಣಿ ಹೋದ ಮಳೆಗಾಲದಲ್ಲಿ ಬಂಡೆಗೆ ಬಡಿದು ಒಡೆದಿತ್ತು. ಅಂದಿನಿಂದ ನಾನು ಮಂದಿಯ ದೋಣಿಯಲ್ಲಿ ಕೂಲಿಗೆ ಬಲೆ ಬೀಸುತ್ತಿದ್ದೆ. ವಯಸ್ಸಾಯಿತೆಂದು ಮೀನು ಹಿಡಿಯುವುದನ್ನು ಬಿಟ್ಟ ಗಫೂರ್ ಚಾಚಾ ತಮ್ಮ ಹಳೇ ದೋಣಿ ಮಾರುತ್ತಾರೆಂದು ತಿಳಿದು, ಬೆಳಿಗ್ಗೆ ಇಬ್ಬರೂ ಭೀಮಾ ಹೊಳೆಯ ದಂಡೆಗೆ ಹೋದೆವು.

ನಾನು ಹಲಗೆ ಬಡಿದೆ, ಸಂದಿಯ ಡಾಂಬರು ಕೆರೆದೆ. ಚಾಚಾಗೆ ಸಿಟ್ಟು ಬಂತು.

"ಏನ್ ನೋಡ್ಲಿಕತ್ತಿಯೋ ಭೀಮ್ಯಾ? ಜಾಗೀರದಾರರನ್ನ ಹೊಳಿ ದಾಟಿಸಿದ ದೋಣಿ ಇದು. ಒಂದು ಹನಿ ನೀರು ಬರಲ್ಲ!"

"ಹಂಗಿದ್ರ ನೀವೇ ಕುಂದ್ರಿ ಚಾಚಾ," ಎಂದಳು ನಾಗವ್ವ.

ಚಾಚಾ ಹಠದಿಂದ ಹತ್ತಿ ಕೂತರು. ನಾವೂ ಹತ್ತಿ ನಡುಹೊಳೆಗೆ ಹೊರಟೆವು. ನಿಜವಾಗಿಯೂ ಹನಿ ನೀರು ಬರಲಿಲ್ಲ. ಆದರೆ ಚಾಚಾ ನನ್ನ ಹೆಗಲ ಮೇಲಿನ ಬಲೆ ಕಸಿದುಕೊಂಡು ಬೀಸಿದರು. ದೊಡ್ಡದೊಂದು ಬಾಳೆಮೀನು ಬಿದ್ದಾಗ ಎಳೆ ಹುಡುಗನ ಹಾಗೆ ಕೇಕೆ ಹಾಕಿದರು. ನನಗೆ ಹುಟ್ಟು ಹಾಕಲು ಬರುವುದಿಲ್ಲವೆಂದು ಬೈದರು.

ದಂಡೆಗೆ ಬಂದವರೇ, "ದೋಣಿ ಮಾರಲ್ಲ," ಎಂದುಬಿಟ್ಟರು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನಾಗವ್ವ ಮಾತ್ರ ನಕ್ಕಳು.

"ಮಾರಬ್ಯಾಡ್ರಿ. ನಾಳಿಂದ ನಮ್ಮ ಜೋಡಿ ಬರ್ರಿ. ದೋಣಿ ನಿಮ್ದು, ರಟ್ಟಿ ನಮ್ದು, ಮೀನು ಎಲ್ಲಾರ್ದು."

ಚಾಚಾ ಗಡ್ಡ ನೀವಿಕೊಂಡರು. "ಭಾಳ ಛಲೋ ಮಾತಂದಿ ಬೇಟಿ. ಹೊತ್ತು ಮೂಡೋದ್ರಾಗ ಬರ್ರಿ, ತಡಾ ಮಾಡಬ್ಯಾಡ್ರಿ."

ದೋಣಿ ನೋಡಲು ಹೋದ ನಮಗೆ ದೋಣಿಯ ಜೊತೆ ಯಜಮಾನರೂ ಸಿಕ್ಕರು. ಇಷ್ಟು ದಿನ ನನ್ನನ್ನು ಬೈಯಲು ನಾಗವ್ವ ಒಬ್ಬಳೇ ಇದ್ದಳು, ಪಾಪ.