ಗೆರೆಗಳಿಲ್ಲದ ಪತಂಗ

ಇದರಲ್ಲಿ ನಡೆದದ್ದು ಎಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದು ಎಷ್ಟು ಎಂದು ನನಗೆ ಖಚಿತವಿಲ್ಲ. ಕಳೆದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕ್ಯಾಂಟೀನಿನಲ್ಲಿ ನುಗ್ಗೆಸೊಪ್ಪಿನ ಬಸ್ಸಾರು ಮಾಡಿದ್ದರು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಆ ವಾಸನೆಗೆ ದಾಸರಹಳ್ಳಿಯ ಓನರಮ್ಮ ನೆನಪಾದರು. ಭಾನುವಾರ ಬಸ್ಸಾರನ್ನು ಸ್ಟೀಲ್ ಡಬ್ಬಿಯಲ್ಲಿ ತಂದು ನನ್ನ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದರು. ಅಥವಾ ಕೈಗೇ ಕೊಡುತ್ತಿದ್ದರೇನೋ...

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪೀಣ್ಯದ ಔಷಧ ಕಾರ್ಖಾನೆಯೊಂದರ ಲ್ಯಾಬಿಗೆ ಸೇರಿದಾಗ, ಅವರ ವಠಾರದ ಮಹಡಿ ರೂಮಿನಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದೆ. ಒಂದು ಕಾಲಕ್ಕೆ ಆ ಬೀದಿಯೆಲ್ಲ ಅವರ ರಾಗಿ ಹೊಲ. ಹೊಲ ಸೈಟುಗಳಾದಾಗ ಬದುವಿನ ಮೇಲಿದ್ದ ನುಗ್ಗೆಮರದಿಂದ ಒಂದು ಕೊಂಬೆ ಕಡಿದು ತಂದು ಕಾಂಪೌಂಡಿನ ಮೂಲೆಯಲ್ಲಿ ನೆಟ್ಟಿದ್ದರಂತೆ. ನಾನು ಬರುವ ಹೊತ್ತಿಗೆ ಅದು ಮಹಡಿಯ ಕಿಟಕಿ ಮುಟ್ಟಿತ್ತು. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದರೆ ಮೊದಲ ಬಿಂದಿಗೆ ಅದರ ಬುಡಕ್ಕೆ. ಆಮೇಲೆ ಬಾಡಿಗೆಯವರ ಸರದಿ.

ನನಗೆ ಆಗ ಪತಂಗಗಳ ಹುಚ್ಚು. ಜನ ಮೊಬೈಲಿನಲ್ಲಿ ತೆಗೆದು ಗುಂಪೊಂದಕ್ಕೆ ಕಳಿಸುತ್ತಿದ್ದ ಫೋಟೋಗಳನ್ನು ನೋಡಿ ಹೆಸರು ಹೇಳುತ್ತಿದ್ದೆ. ಬಹುಪಾಲು ಅಲುಗಾಡಿದವು, ಫ್ಲ್ಯಾಶಿಗೆ ಬೆಳ್ಳಗಾದವು. ಅಂಥವುಗಳಲ್ಲಿ ಬಣ್ಣ ನಂಬಬಾರದು. ಕೂತಿರುವ ಭಂಗಿ, ರೆಕ್ಕೆ ಮಡಿಸಿದೆಯೋ ಹರಡಿದೆಯೋ, ಮೈ ಎಷ್ಟು ದಪ್ಪ, ಇಷ್ಟನ್ನು ನೋಡಬೇಕು. ಹೆಸರು ಹೇಳುವುದಕ್ಕಿಂತ "ಈ ಫೋಟೋದಿಂದ ಹೇಳಲಾಗದು" ಎನ್ನುವುದು ದೊಡ್ಡ ವಿದ್ಯೆ ಎಂದು ಹೊಸಬರಿಗೆ ಬುದ್ಧಿ ಹೇಳುತ್ತಿದ್ದೆ.

ಕೆಲಸ ಬದಲಾಗಿ ನಾನು ಚಂದಾಪುರಕ್ಕೆ ಬಂದ ಮೇಲೆ ಒಂದು ದಿನ ಓನರಮ್ಮನ ಫೋನ್ ಬಂತು. ವಠಾರದ ಗೋಡೆಯ ಮೇಲೆ, ಬಟ್ಟೆ ಒಣಗಿಸುವ ತಂತಿಯ ಮೇಲೆ ಕಂಬಳಿಹುಳು ಹರಿದಾಡಿದ್ದವಂತೆ. ಕೆಳಗಿನ ಮನೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸೊಬ್ಬಳಿದ್ದಳು; ಅವಳ ಮಗುವಿನ ಮೈಯೆಲ್ಲ ದದ್ದು ಎದ್ದಿತ್ತು. ಬಾಡಿಗೆಯವರು ಸಿಕ್ಕ ಹುಳುಗಳನ್ನೆಲ್ಲ ಸೀಮೆಎಣ್ಣೆ ಸುರಿದು ಸುಟ್ಟಿದ್ದರು. ಇನ್ನು ನುಗ್ಗೆಮರ ಕಡಿಸಿ, ಇಲ್ಲವೇ ಮನೆ ಖಾಲಿ ಮಾಡುತ್ತೇವೆ ಎಂದು ಕೂತಿದ್ದರು.

"ಮರದ್ದಲ್ಲ ಕಣಪ್ಪ. ಇಂದ್ಗಡೆ ಖಾಲಿ ಸೈಟ್ ಐತಲ್ಲ, ಅಲ್ಲಿಂದ ಬತ್ತವೆ. ನಾನಂದ್ರೆ ಯಾರ್ ಕೇಳ್ತಾರೆ? ಈಗ ಮೆಟ್ಲು ಗೋಡೆ ಮ್ಯಾಲೆ ದೀಪದ ಹುಳ ಬಂದು ಕೂತವೆ. ನೀನು ಓದ್ದೋನು. ನೀನೇನಂದ್ರೆ ಅಂಗೇ ಮಾಡ್ತೀನಿ."

ಹುಳು ಸುಟ್ಟುಹೋಗಿದ್ದರೂ ಅದೇ ಜಾತಿಯ ಪತಂಗ, ಓನರಮ್ಮ ಹೇಳಿದ ದೀಪದ ಹುಳ, ಸಿಕ್ಕರೆ ಯಾವ ಗಿಡದ್ದು ಎಂದು ಹೇಳಬಹುದು ಅನಿಸಿತು. ಫೋಟೋ ಕಳಿಸಿ ಎಂದೆ. ಬಂದದ್ದು ಸುಣ್ಣದ ಗೋಡೆಯ ಮೇಲೊಂದು ಕಂದು ಕಲೆ. ಏನೂ ಕಾಣುವುದಿಲ್ಲ ಎಂದರೆ ಅವರು ನಕ್ಕರು.

"ಆಧಾರ್ ಕಾರ್ಡಲ್ಲಿ ನಾನೂ ಇಂಗೇ ಬಂದಿವ್ನಿ. ಬ್ಯಾಂಕ್ನೋರು ನಾನೇ ಅಂತ ಒಪ್ಕಂಡವ್ರೆ. ನಿಂಗೇನಪ್ಪ ಕಷ್ಟ?"

ಗಾತ್ರ ತಿಳಿಯಲಿ, ಪಕ್ಕದಲ್ಲಿ ಕೈ ಇಟ್ಟು ತೆಗೆಯಿರಿ ಎಂದೆ. ಮರುದಿನ ಬೆಳಗ್ಗೆ ಬಂದ ಫೋಟೋ ವಾಸಿ. ತಿಳಿಗಂದು ಪತಂಗ, ಹರಡಿದ ರೆಕ್ಕೆ, ಪಕ್ಕದಲ್ಲಿ ಅವರ ಎಡಗೈ. ಎರಡೇ ಸಾಧ್ಯತೆ ಎಂದುಕೊಂಡೆ. ನುಗ್ಗೆಯ ಮೇಲೆ ಬೆಳೆಯುವ ಜಾತಿಯಾದರೆ ರೆಕ್ಕೆ ಹೆಚ್ಚುಕಡಿಮೆ ಬೋಳು. ಅದರ ಬಳಗದ ಇನ್ನೊಂದು ಬೇರೆ ಗಿಡಗಳದ್ದು, ಅದರ ರೆಕ್ಕೆಗೆ ಅಡ್ಡಲಾಗಿ ಕಪ್ಪು ಗೆರೆಗಳಿರುತ್ತವೆ. ಫೋಟೋದಲ್ಲಿ ಒಂದು ಗೆರೆಯೂ ಇರಲಿಲ್ಲ.

"ಒಂದು ಭಾನ್ವಾರ ಬಂದು ಕಣ್ಣಾರೆ ನೋಡ್ಬುಟ್ಟು ಓಗಪ್ಪ. ಮುದ್ದೆ ಮಾಡಾಕ್ತೀನಿ."

ಚಂದಾಪುರದಿಂದ ದಾಸರಹಳ್ಳಿಗೆ ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು, ಬಸ್ಸು ಬದಲಾಯಿಸಿ ಬದಲಾಯಿಸಿ. ಫೋಟೋ ಸಾಕು ಅಮ್ಮ, ಇದು ನುಗ್ಗೆಮರದ್ದೇ ಎಂದೆ. "ಇರಬಹುದು" ಎಂದು ಸೇರಿಸಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ನನಗೆ ಅನುಕೂಲವಾದ ನೆನಪು, ಆದ್ದರಿಂದ ನಂಬುವುದಿಲ್ಲ.

"ಆಯ್ತು ಬಿಡಪ್ಪ. ಮಗೀಗಿಂತ ಮರ ಎಚ್ಚಲ್ಲ" ಎಂದರು.

ಅದೇ ವಾರ ಮರ ಕಡಿಸಿದರು. ಮತ್ತೆ ಚಿಗುರಬಾರದೆಂದು ಬುಡ ಅಗೆಸಿ ಮೇಲೆ ಸಿಮೆಂಟ್ ಹಾಕಿಸಿದರು. ಆಮೇಲೂ ಹಬ್ಬಕ್ಕೆ ಎರಡು ಮೂರು ಸಲ ಫೋನ್ ಮಾಡಿದ್ದರು. ನೀರು, ಬಾಡಿಗೆಯವರು, ಮೊಣಕಾಲು ನೋವು... ಮರದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಮೇಲೆ ಫೋನೂ ನಿಂತಿತು.

ಬಸ್ಸಾರು ಉಂಡ ದಿನ ಸಂಜೆ ಆ ಫೋಟೋ ಹುಡುಕಿ ತೆಗೆದೆ. ಈ ಸಲ ಕಣ್ಣು ಪತಂಗದ ಪಕ್ಕಕ್ಕೆ ಹೋಯಿತು. ಓನರಮ್ಮನ ಕೈ ನನಗೆ ಚೆನ್ನಾಗಿ ಗೊತ್ತು. ಅರವತ್ತು ದಾಟಿದ, ಕಳೆ ಕಿತ್ತು ಕಿತ್ತು ಗಂಟುಗಟ್ಟಿದ ಬೆರಳುಗಳು, ಎಡಗೈ ಹೆಬ್ಬೆರಳ ಬುಡದಲ್ಲಿ ಕುಡುಗೋಲು ತಾಗಿದ ಉದ್ದ ಗಾಯದ ಗುರುತು. ಫೋಟೋದಲ್ಲಿ ಬೆರಳ ಗಂಟುಗಳು ಹಾಗೇ ಇದ್ದವು, ಆದರೆ ಕೈಗೆ ಸುಕ್ಕಿರಲಿಲ್ಲ, ನರ ಇರಲಿಲ್ಲ, ಗಾಯದ ಗುರುತೂ ಇರಲಿಲ್ಲ. ಮದುವೆ ಹುಡುಗಿಯ ಕೈಯಂತೆ ನುಣ್ಣಗಿತ್ತು. ಓನರಮ್ಮ ಇಟ್ಟುಕೊಂಡಿದ್ದದ್ದು ಅವರ ಮಗಳು ಬಳಸಿ ಬಿಟ್ಟ ಫೋನು. ಮುಖ ಅಂದವಾಗಿ ಬರಲೆಂದು ಅವಳು ಹಾಕಿಟ್ಟಿದ್ದ ಬ್ಯೂಟಿ ಮೋಡ್ ಹಾಗೇ ಉಳಿದಿರಬೇಕು. ಕೈಯ ಸುಕ್ಕನ್ನೇ ಒರೆಸಿಹಾಕಿದ ಫೋನು ರೆಕ್ಕೆಯ ಗೆರೆಗಳನ್ನು ಬಿಟ್ಟೀತೇ? ಆ ಪತಂಗ ನುಗ್ಗೆಯದಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆ ಫೋಟೋದಿಂದ ನಾನು ಏನನ್ನೂ ಹೇಳಬಾರದಿತ್ತು, ಅಷ್ಟು ಮಾತ್ರ.

ಅವರ ನಂಬರಿಗೆ ಫೋನ್ ಮಾಡಿದೆ. ಮಗಳು ಎತ್ತಿದಳು. ಅಮ್ಮ ಹೋಗಿ ಎರಡು ವರ್ಷವಾಯಿತು ಎಂದಳು. "ಯಾರ್ಯಾರಿಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಅಣ್ಣ." ಫೋಟೋದ ವಿಷಯ ಹೇಳಲೆಂದು ಫೋನ್ ಮಾಡಿದ್ದೆ. ಹೇಳಬೇಕಾಗಿದ್ದದ್ದು ಅವಳಿಗಲ್ಲ... ಕೆಳಗಿನ ಮನೆಯವಳು ಇನ್ನೂ ಅಲ್ಲೇ ಇದ್ದಾಳೆಯೇ ಎಂದು ಕೇಳಿ ನಂಬರ್ ತೆಗೆದುಕೊಂಡೆ. ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: ಮರ ಹೋದ ಮೇಲೆ ಹುಳು ನಿಂತವೇ?

"ಎಲ್ಲಿ ಸಾರ್, ಮುಂದಿನ ವರ್ಷಾನೂ ಬಂದಿದ್ವು. ಓನರಮ್ಮನೇ ಪೊರಕೆ ಹಿಡ್ಕೊಂಡು ದಿನಾ ಗುಡಿಸ್ತಿದ್ರು. ಹಿಂದಿನ ಸೈಟ್ ಕ್ಲೀನ್ ಮಾಡಿಸಿದ್ಮೇಲೇ ನಿಂತಿದ್ದು."

ಜನ ವರ್ಷಗಳನ್ನು ಹಿಂದುಮುಂದು ಮಾಡುತ್ತಾರೆ. ನಾನೂ ಮಾಡುತ್ತೇನೆ. ಅದಕ್ಕೆ ಪುರಾವೆ ಏನಾದರೂ ಇದೆಯೇ ಎಂದು ಕೇಳಿದೆ. ಸೈಟಿನವರಿಗೆ ತೋರಿಸಲು ಅವಳು ಆ ವರ್ಷವೇ ಒಂದು ಫೋಟೋ ತೆಗೆದಿದ್ದಳು, ರಾತ್ರಿ ಕಳಿಸಿದಳು. ಫೋಟೋ ಸ್ಪಷ್ಟವಾಗಿದೆ. ಕಾಂಪೌಂಡಿನ ಮೂಲೆಯ ಸಿಮೆಂಟಿನ ಮೇಲೆ ಎರಡು ಬೈಕು ನಿಂತಿವೆ. ಅವುಗಳ ಹಿಂದಿನ ಗೋಡೆಯ ಮೇಲೆ ಕಂಬಳಿಹುಳುಗಳಿವೆ. ಎಣಿಸಿದೆ, ಹದಿನಾಲ್ಕು.