ಹಳದಿ ಕೋಣೆಗೆ ಬಂದ ಸ್ಕೇಟ್‌ಬೋರ್ಡ್

ಶಿರಸಿಯ ಆಸ್ಪತ್ರೆಯಿಂದ ನಾನು, ಗಂಡ ಇಬ್ಬರೂ ಬರಿಗೈಯಲ್ಲಿ ಯಲ್ಲಾಪುರಕ್ಕೆ ಮರಳಿ ಐದು ತಿಂಗಳಾಗಿತ್ತು. ಹೊಟ್ಟೆಯಲ್ಲೇ ಹೋದ ಮಗನಿಗೆಂದು ಸಜ್ಜು ಮಾಡಿದ್ದ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಒಳಗೆ ತಿಳಿಹಳದಿ ಗೋಡೆ, ಅದರ ಮೇಲೆ ಸಾಲಾಗಿ ಅಂಟಿಸಿದ ಬಾತುಕೋಳಿ ಸ್ಟಿಕ್ಕರ್‌ಗಳು. ತೊಟ್ಟಿಲನ್ನು ಅಣ್ಣ ವಾನಳ್ಳಿಯ ತವರುಮನೆಗೆ ವಾಪಸು ಒಯ್ದಿದ್ದ.

ಒಂದು ದಿನ ಊಟದ ನಡುವೆ ಹತ್ತು ವರ್ಷದ ಮಗಳು ಆ ಕೋಣೆಯನ್ನು ತನಗೆ ಕೇಳಿದಳು. “ಆಯಿ, ಪಾಪು ಬತ್ತಿಲ್ಲೆ ಅಲ್ದಾ? ಹಂಗಾರೆ ಆ ರೂಮು ಯಂಗೆ ಕೊಡ್ತ್ಯಾ? ಗೋಡೆ ಪೂರ್ತಿ ಸ್ಕೇಟ್‌ಬೋರ್ಡಿಂದೇ ಚಿತ್ರ ಮಾಡವು.”

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಬಿಟ್ಟು ಎದ್ದುಹೋದರು. ಈಗ ಅಳು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಮಜ್ಜಿಗೆ ಬಡಿಸುತ್ತ “ಆತು” ಎಂದೆ. ಆಗೆಲ್ಲ ಯಾರು ಏನು ಕೇಳಿದರೂ ನನ್ನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು.

ಸ್ಕೇಟ್‌ಬೋರ್ಡು ಅವಳ ಅಪ್ಪನೇ ಹುಬ್ಬಳ್ಳಿಯಿಂದ ತಂದುಕೊಟ್ಟದ್ದು. ಪಾಪು ಬಂದಮೇಲೆ ತನ್ನನ್ನು ಯಾರೂ ಕೇಳುವವರಿಲ್ಲ ಎಂದು ಅವಳಿಗೆ ಅನ್ನಿಸಬಾರದಲ್ಲ, ಅದಕ್ಕೆ. ನಮ್ಮ ಮನೆಯ ಪಕ್ಕದಲ್ಲೇ ಲಾರಿ ಗ್ಯಾರೇಜು. ಭಾನುವಾರ ಖಾಲಿಯಿರುವ ಅದರ ಸಿಮೆಂಟಿನ ಅಂಗಳದಲ್ಲಿ ಅವಳು ಬಿದ್ದು ಎದ್ದು ಕಲಿತಿದ್ದಳು. ಅಲ್ಲಿ ಲಾರಿಗಳ ಮೇಲೆ ಕಮಲ, ಗಿಡುಗ ಬರೆಯುವ ಒಬ್ಬ ಪೇಂಟರ್ ಇದ್ದರು. ಅವರನ್ನೇ ಕೈಹಿಡಿದು ಮನೆಗೆ ಕರೆತಂದಳು.

“ನಾನು ಲಾರಿಗೆ ಬರಿಯೋನು ಅಕ್ಕಾ, ಗೋಡೆಗೆ ಬರ್ದವ್ನಲ್ಲ. ಈ ಹುಡುಗಿ ಬಿಡೂದೇ ಇಲ್ಲ” ಎಂದರು. ಆಮೇಲೆ ಗೋಡೆಯ ಬಾತುಕೋಳಿಗಳನ್ನು ನೋಡಿದರು. ಕೇರಿಗೆಲ್ಲ ವಿಷಯ ಗೊತ್ತಿತ್ತು. “ಇವನ್ನ ತೆಗೀಬೇಕಾಗ್ತದೆ. ನಾನೇ ತೆಗೀಲಾ?”

“ಬೇಡ” ಎಂದೆ.

ಮರುದಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒತ್ತಿ, ದೋಸೆ ಎಬ್ಬಿಸುವ ಸಟ್ಟುಗದಿಂದ ಒಂದೊಂದೇ ಬಾತುಕೋಳಿಯನ್ನು ಕೆರೆದು ತೆಗೆದೆ. ಕೆಲವು ಇಡಿಯಾಗಿ ಬಂದವು, ಕೆಲವು ಹರಿದವು. ರಾತ್ರಿಯ ಸಾರಿಗೆ ಕಡಲೆ ನೆನೆಹಾಕಿದೆನೋ ಇಲ್ಲವೋ ಎಂಬುದೊಂದೇ ತಲೆಯಲ್ಲಿತ್ತು. ಎಲ್ಲವನ್ನೂ ಗುಡಿಸಿ ಕಸದ ಡಬ್ಬಿಗೆ ಹಾಕಿ, ಹೋಗಿ ನೋಡಿದರೆ ಕಡಲೆ ನೆನೆಹಾಕಿರಲಿಲ್ಲ.

ಪೇಂಟರ್ ಮೂರು ದಿನ ಬರೆದರು. ನೀಲಿ ಆಕಾಶ, ಬೂದಿಬಣ್ಣದ ಇಳಿಜಾರು, ಅದರ ಮೇಲಿಂದ ಹಾರುವ ಎರಡು ಜಡೆಯ ಹುಡುಗಿ. ಸುತ್ತ ಲಾರಿಗೆ ಬರೆಯುವಂಥದೇ ಕಮಲದ ಅಂಚು. ಮಗಳು ಫೋನಿನಲ್ಲಿ ಚಿತ್ರ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

“ಚಾಚಾ, ಸ್ಕೇಟ್‌ಬೋರ್ಡ್ ಚಕ್ರಕ್ಕೆ ಇಷ್ಟೆಲ್ಲ ನಟ್ಟು ಇರೂದಿಲ್ಲ!”

“ಇರ್ಲಿ ಬಿಡು ಮಗಾ, ಗಟ್ಟಿ ಇರ್ತದೆ.”

ಗಂಡ ಆ ಕಡೆ ಸುಳಿಯಲಿಲ್ಲ. ಶೆಲ್ಫ್ ಹೊಡೆಯಲು ಕರೆದರೆ “ಆನು ಬತ್ನಿಲ್ಲೆ, ನೀನೇ ನೋಡ್ಕ್ಯ” ಎಂದರು.

ಬಣ್ಣ ಒಣಗಿದ ಮೇಲೆ ಒಂದು ಮಧ್ಯಾಹ್ನ ಮಗಳು ಆ ಕೋಣೆಯಲ್ಲೇ ಬೋರ್ಡನ್ನು ನೆಲಕ್ಕಿಟ್ಟು ಹಠ ಹಿಡಿದಳು. “ಒಂದ್ಸಲ ನಿಂತ್ಕ ಆಯಿ.” ಸೆರಗು ಸಿಕ್ಕಿಸಿ, ಕಿಟಕಿಯ ಸರಳು ಹಿಡಿದು ಹತ್ತಿದೆ. ಕೈಬಿಟ್ಟದ್ದೇ ತಡ, ಬೋರ್ಡು ಮುಂದೆ ಓಡಿತು, ನಾನು ಹಿಂದೆ ಕುಕ್ಕರಿಸಿ ಬಿದ್ದೆ. ಸದ್ದಿಗೆ ಗಂಡ ಓಡಿಬಂದರು. ಹೊಸ್ತಿಲು ದಾಟಿದ್ದು ಅವರ ಗಮನಕ್ಕೇ ಬಂದಿರಲಿಲ್ಲ.

“ಪೆಟ್ಟಾತನೇ?”

“ಹೌದು.”

ಅವರು ನನ್ನನ್ನು ಎಬ್ಬಿಸಲಿಲ್ಲ. ತಾವೂ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಆಮೇಲೆ ಗೋಡೆಗೇ ಹೇಳುವವರಂತೆ ಹೇಳಿದರು. “ಆವತ್ತು ನರ್ಸು ‘ಪಾಪುನ ಎತ್ಕಳಿ’ ಹೇಳ್ತು. ಆನು ಕೈ ಚಾಚಿದ್ನಿಲ್ಲೆ.”

ಐದು ತಿಂಗಳಲ್ಲಿ ಅವರು ಆ ದಿನದ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ಸಮಾಧಾನ ಹೇಳಬೇಕಿತ್ತು. ನನ್ನಲ್ಲಿ ಸಮಾಧಾನವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಆನು ಎತ್ಕಂಡಿದ್ದೆ” ಎಂದಷ್ಟೇ ಹೇಳಿದೆ.

“ಪಾಪು ಭಾರ ಇದ್ದಿತ್ತಾ?” ಮಗಳು ಕೇಳಿದಳು.

“ಇದ್ದಿತ್ತು.”

“ಈ ಬೋರ್ಡಿನಷ್ಟಾ?” ಓಡಿಹೋಗಿದ್ದ ಬೋರ್ಡನ್ನು ಅವಳು ಎತ್ತಿಕೊಂಡು ಬಂದಿದ್ದಳು.

ಅವಳ ಕೈಯಿಂದ ಅದನ್ನು ತೆಗೆದುಕೊಂಡು ಎತ್ತಿ ನೋಡಿದೆ. “ಹೆಚ್ಚುಕಡಿಮೆ ಅಷ್ಟೇಯ” ಎಂದೆ. ಗಂಡ ಕೈ ನೀಡಿದರು. ಬೋರ್ಡನ್ನು ಅವರ ಕೈಗೆ ಕೊಟ್ಟೆ. ತೊಡೆಯ ಮೇಲೆ ಇಟ್ಟುಕೊಂಡು ಅವರು ಅತ್ತರು. ಮಗಳು ಹೋಗಿ ಅವರಿಗೆ ಒರಗಿ ಕುಳಿತಳು. ನನಗೆ ಬೆನ್ನು ನೋಯುತ್ತಿತ್ತು, ಅಷ್ಟೇ.

ಮರುದಿನ ಅವರೇ ಡ್ರಿಲ್ ತಂದು ಶೆಲ್ಫ್ ಹೊಡೆದರು, ಸ್ವಲ್ಪ ಓರೆಯಾಗಿ. ಮಗಳು ಈಗ ಅಲ್ಲಿಯೇ ಮಲಗುತ್ತಾಳೆ. ಶಾಲೆಗೆ ಹೊತ್ತಾಯಿತೆಂದು ಎಬ್ಬಿಸಲು ನಾನು ಹೋಗುತ್ತೇನೆ, ಹೊದಿಕೆ ಮಡಚಿ ಬರುತ್ತೇನೆ. ಅಳು ಇನ್ನೂ ಬಂದಿಲ್ಲ.