ಗ್ರಹಣದ ದಿನ ಕಂಡದ್ದನ್ನು ಹೇಳಿದ ಲಿಚಕ್ಕ

ನಮ್ಮ ಸಂತೆಯಲ್ಲಿ ಮುಸುಕಿನ ಜೋಳದ ಪುಪೂಸ ರೊಟ್ಟಿ ಸುಡುವ ಲಿಚಕ್ಕನಿಗೆ ಬಾಯಿ ಜಾಸ್ತಿ ಎನ್ನುವವರೇ ಎಲ್ಲ. ಹಿಟ್ಟು ತಟ್ಟುತ್ತಲೇ ಗಿರಾಕಿಯ ಗಂಡನಿಂದ ಹಿಡಿದು ಊರಿನ ಮೇಯರ್‌ವರೆಗೆ ಯಾರನ್ನೂ ಬಿಡುವವಳಲ್ಲ. ಆ ಬಾಯಿ ಚೆನ್ನಾಗಿರಲಿ.

ಟೊಮೆಟೊ ಮಾರುವ ರೊಸಿಬೆಲ್‌ಗೆ ದಿನ ತುಂಬುವ ಮೊದಲೇ ಹಿತ್ತಿಲ ಪಾಯಿಖಾನೆಯಲ್ಲಿ ಹೆರಿಗೆಯಾಯಿತು. ಕೂಸು ಉಸಿರಾಡಲಿಲ್ಲ. ರಕ್ತ ಸುರಿದು ಪ್ರಜ್ಞೆ ತಪ್ಪಿದವಳನ್ನು ಆಸ್ಪತ್ರೆಗೆ ಒಯ್ದರು. ಕಣ್ಣು ಬಿಟ್ಟಾಗ ಕೈಗೆ ಬೇಡಿ, ಮೇಲೆ ಕೊಲೆ ಆರೋಪ. ನಮ್ಮ ಎಲ್ ಸಾಲ್ವಡಾರ್‌ನ ಕಾನೂನಿಗೆ ಗರ್ಭ ನಿಂತ ಗಳಿಗೆಯಿಂದಲೇ ಒಳಗಿರುವುದು ಮನುಷ್ಯ. ಸರಿ. ಹೊತ್ತವಳೇನು, ಚೀಲವೇ? ತಪ್ಪಿತಸ್ಥೆ ಎಂದಾದರೆ ಅವಳ ಯೌವನವೆಲ್ಲ ಜೈಲಿನಲ್ಲೇ.

ಬಸಿರನ್ನು ಮುಚ್ಚಿಟ್ಟಿದ್ದಳು, ಒಮ್ಮೆಯೂ ಡಾಕ್ಟರಿಗೆ ತೋರಿಸಲಿಲ್ಲ, ಬೇಡದ ಕೂಸನ್ನು ಕೊಂದಳು ಎಂಬುದು ಸರ್ಕಾರಿ ವಕೀಲರ ವಾದ. ಡಾಕ್ಟರಿಗೆ ತೋರಿಸದಿದ್ದದ್ದು ನಿಜ. ಒಂದು ದಿನ ಸಂತೆಯಲ್ಲಿ ಬುಟ್ಟಿ ಇಳಿಸದಿದ್ದರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಮುಚ್ಚಿಟ್ಟಿದ್ದಳೆಂಬುದು ಸುಳ್ಳೆಂದು ಸಂತೆಗೆಲ್ಲ ಗೊತ್ತು. ಆದರೂ ಅವಳ ಪರ ವಕೀಲೆ ಬಂದು ಕೇಳಿದಾಗ, ಎಲ್ಲಿ ನಮ್ಮನ್ನೂ ಕೇಸಿಗೆ ಎಳೆಯುತ್ತಾರೋ ಎಂದು ಎಲ್ಲರೂ ತಕ್ಕಡಿ ಒರೆಸುತ್ತ ಕೂತರು.

ಬರುತ್ತೇನೆ ಎಂದವಳು ಲಿಚಕ್ಕ ಒಬ್ಬಳೇ. ಮಗಳು ತಡೆದಳು: "ಅಮ್ಮಾ, ನಿಂಗ್ಯಾಕೆ ಊರ ಉಸಾಬರಿ?"

"ಊರ ಉಸಾಬರಿ ಮಾಡ್ಕೊಂಡೇ ನಿನ್ನ ಸಾಕಿದ್ದು ಕಣೇ," ಎಂದು ಲಿಚಕ್ಕ ರೊಟ್ಟಿ ಮಗುಚಿದಳು.

ಕೋರ್ಟಿನಲ್ಲಿ ಅವಳು ಹೇಳಿದ್ದು ಗ್ರಹಣದ ಸಂಗತಿ. ಗ್ರಹಣ ಹಿಡಿದಾಗ ಬಸುರಿ ಹೊಟ್ಟೆಗೆ ಕೆಂಪು ಬಟ್ಟೆ ಕಟ್ಟದಿದ್ದರೆ ಕೂಸಿನ ತುಟಿ ಸೀಳುತ್ತದೆಂದು ನಮ್ಮವರ ನಂಬಿಕೆ. ಹೆರಿಗೆಗೆ ಮೊದಲು ಸೂರ್ಯಗ್ರಹಣ ಹಿಡಿದ ಮಧ್ಯಾಹ್ನ ರೊಸಿಬೆಲ್ ಲಿಚಕ್ಕನ ಕೆಂಪು ಏಪ್ರನ್ ಕೇಳಿ ಪಡೆದು, ಉಬ್ಬಿದ ಹೊಟ್ಟೆಯ ಮೇಲೆ ಬಿಗಿದುಕೊಂಡು, ಎಲ್ಲರ ಕಣ್ಣೆದುರೇ ವ್ಯಾಪಾರ ಮಾಡಿದ್ದಳು.

ಸರ್ಕಾರಿ ವಕೀಲರು ನಕ್ಕರು. ಇದೆಲ್ಲ ಮೂಢನಂಬಿಕೆ ಅಲ್ಲವೇನಮ್ಮಾ ಎಂದರು.

"ಇರಬೌದು ಸ್ವಾಮಿ. ನಂಬಿಕೆ ಸುಳ್ಳಾದ್ರೂ ಕಟ್ಕೊಂಡಿದ್ದು ನಿಜ ತಾನೆ? ಸಾಯಿಸ್ಬೇಕು ಅಂತಿರೋಳು ಕೂಸಿನ ತುಟಿಗೆ ಯಾಕೆ ಹೆದರ್ತಾಳೆ?"

ಇನ್ಯಾರು ನೋಡಿದ್ದರು ಎಂದು ನ್ಯಾಯಾಧೀಶೆ ಕೇಳಿದರು. ಲಿಚಕ್ಕ ಮೀನಿನವಳಿಂದ ಶುರು ಮಾಡಿ ಚಪ್ಪಲಿ ಹೊಲಿಯುವವನವರೆಗೆ ಸಾಲಾಗಿ ಹೆಸರು ಹೇಳಿದಳು. ಕೋರ್ಟು ಕರೆಸಿದಾಗ ಅವರೆಲ್ಲ ಅವಳನ್ನು ಬೈದುಕೊಳ್ಳುತ್ತಲೇ ಬಂದರು, ಬಂದು ನಿಜವನ್ನೇ ಹೇಳಿದರು. ರೊಸಿಬೆಲ್ ಬಿಡುಗಡೆಯಾದಳು.

ಇಷ್ಟು ದಿನ ಪುರಾವೆಯೆಂದು ಇಟ್ಟುಕೊಂಡಿದ್ದ ಕೂಸನ್ನು ಸರ್ಕಾರ ಆಮೇಲೆ ಪೆಟ್ಟಿಗೆಯಲ್ಲಿ ಒಪ್ಪಿಸಿತು. ಮನುಷ್ಯ, ಮನುಷ್ಯ ಎಂದು ಕೂಗಿದವರಲ್ಲಿ ಒಬ್ಬರೂ ಅದಕ್ಕೊಂದು ಹೆಸರಿಟ್ಟಿರಲಿಲ್ಲ. ಸ್ಮಶಾನದಲ್ಲಿ ರೊಸಿಬೆಲ್, ನೀನೇ ಇದಕ್ಕೆ ಹೆಸರಿಡುವ ಧರ್ಮತಾಯಿ ಆಗು ಅಕ್ಕಾ ಎಂದು ಕೇಳಿಕೊಂಡಳು. ಮಣ್ಣು ಹಾಕುವ ಮೊದಲು ಲಿಚಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟು, ತನ್ನ ತಾಯಿಯ ಹೆಸರನ್ನೇ ಕೂಸಿಗೆ ಇಟ್ಟಳು.